ವಾಲ್ವ್‌ನ ಬಾಯಿ ಮುಚ್ಚಿಸಲಿಲ್ಲ

ಜನವರಿ 11, 2026, ಭಾನುವಾರ
ಬೆಂಗಳೂರು

ಮೂರು ದಿನದಿಂದ ಬಚ್ಚಲುಮನೆಯಲ್ಲಿ ಟಪ್ ಟಪ್ ಸದ್ದು. ಗೀಸರ್‌ಗೆ ತಣ್ಣೀರು ಹೋಗುವ ಕಡೆ, ನೀಲಿ ಗುರುತಿನ ಕೆಳಗೆ, ಒಂದು ಸಣ್ಣ ಸೇಫ್ಟಿ ವಾಲ್ವ್ ಇದೆ. ಅದರ ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವನವರು ಸ್ನಾನಕ್ಕೆ ಕೂತರೆ ಸರಿಯಾಗಿ ಅವರ ಹೆಗಲ ಮೇಲೇ ಬೀಳೋದು. ಸಂಕ್ರಾಂತಿ ಹತ್ತಿರ ಬಂತು, ಊರಿಂದ ನೆಂಟರು ಬರುವವರಿದ್ದಾರೆ. ಇವತ್ತು ಇದಕ್ಕೊಂದು ದಾರಿ ಮಾಡಲೇಬೇಕು ಅಂತ ಎದ್ದೆ.

ಹನಿ ಬಿತ್ತು ಅಂದ ಕೂಡಲೇ ವಾಲ್ವ್ ಕೆಟ್ಟಿದೆ ಅಂತಲ್ಲ. ನಮ್ಮದು 25 ಲೀಟರ್ ಗೀಸರ್. 20 ಡಿಗ್ರಿ ನೀರು 70 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅಂದರೆ ಆ ವಾಲ್ವೇ ಬಿಡುವುದಿಲ್ಲ. ಆಗ ಒಳಗೆ ಒತ್ತಡ ಏರುತ್ತದೆ, ಸ್ಪ್ರಿಂಗ್ ಮೇಲೆದ್ದು ಸ್ವಲ್ಪ ನೀರು ಹೊರಗೆ ಬಿಡುತ್ತದೆ. ಅದು ವಾಲ್ವ್ ಮಾಡಬೇಕಾದ ಕೆಲಸ. ಆದರೆ ನಿನ್ನೆ ರಾತ್ರಿ ಹತ್ತಕ್ಕೆ ಸ್ವಿಚ್ ಆರಿಸಿ, ಕೆಳಗೆ ಬಕೆಟ್ ಇಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಕಾಲು ಬಕೆಟ್ ನೀರು! ಗೀಸರ್ ತಣ್ಣಗಿದ್ದಾಗಲೂ ಸೋರಿದೆ ಅಂದರೆ ಹಿಗ್ಗಿದ ನೀರಲ್ಲ ಅದು.

ಮಹಡಿ ಮೇಲಿನ ನೀರಿನ ಟ್ಯಾಂಕಿನ ಒತ್ತಡ ಜಾಸ್ತಿಯಾಗಿರಬಹುದಾ ಅಂತಲೂ ಯೋಚಿಸಿದೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಮ್ಮ ಟ್ಯಾಂಕ್ ಗೀಸರ್‌ನಿಂದ ನಾಲ್ಕು ಮೀಟರ್ ಮೇಲಿದ್ದರೆ ಹೆಚ್ಚು. ಪ್ರೆಷರ್ ಪಂಪೂ ಇಲ್ಲ. ವಾಲ್ವ್ ತೆರೆಯಬೇಕಾದ್ದು 8 ಬಾರ್‌ಗೆ. ಹಾಗಾಗಿ ತೊಂದರೆ ವಾಲ್ವ್ ಒಳಗೇ ಇರಬೇಕು. ಅದರ ಸಣ್ಣ ಲಿವರ್ ಎರಡು ಸಲ ಎತ್ತಿ ಬಿಟ್ಟೆ. ಕಸ ಸಿಕ್ಕಿಕೊಂಡಿದ್ದರೆ ಹೀಗೆ ಹೊರಟು ಹೋಗುತ್ತದೆ. ಬಿಳಿ ಪುಡಿ ಬಂತು, ಆದರೆ ಹನಿ ನಿಲ್ಲಲಿಲ್ಲ.

ಹತ್ತು ಗಂಟೆಗೆ ಪ್ಲಂಬರ್ ಬಂದರು. ನೋಡಿದ ತಕ್ಷಣ ಹೇಳಿದರು, "ಅಕ್ಕಾ, ಇದರ ಬಾಯಿಗೆ ಒಂದು ಡಮ್ಮಿ ಹಾಕಿ ಮುಚ್ಚಿಬಿಡ್ತೀನಿ. ಐದು ನಿಮಿಷದ ಕೆಲಸ. ಎಷ್ಟೋ ಮನೇಲಿ ಹಾಕಿದೀನಿ."

"ಬೇಡ ಅಣ್ಣಾ, ಖಂಡಿತ ಬೇಡ," ಅಂದೆ.

ಅವರು ಒಳ್ಳೆಯ ಕೆಲಸಗಾರರು. ಹಣ ಉಳಿಯಲಿ ಅಂತಲೇ ಹೇಳಿದ್ದು. ಆದರೂ ಆ ಮಾತು ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಕುಕ್ಕರ್ ವಿಷಲ್ ಜಾಸ್ತಿ ಕೂಗುತ್ತದೆ ಅಂತ ಯಾರಾದರೂ ಅದರ ತೂತು ಮುಚ್ಚುತ್ತಾರಾ? ಅಜ್ಜಿ ಮನೆಯ ಹಂಡೆಗೆ ಬಾಯಿ ತೆರೆದೇ ಇತ್ತು. ಎಷ್ಟು ಸೌದೆ ಹಾಕಿದರೂ ಹಬೆ ಮೇಲೆ ಹೋಗುತ್ತಿತ್ತು. ಗೀಸರ್ ಮುಚ್ಚಿದ ಹಂಡೆ. ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೈಕೊಟ್ಟರೆ, ಕಾವು ಮಿತಿ ಮೀರಿದಾಗ ಕಟ್‌ಔಟ್ ಅನ್ನೋ ಇನ್ನೊಂದು ಸ್ವಿಚ್ ಕರೆಂಟ್ ನಿಲ್ಲಿಸಬೇಕು. ಅದೂ ಕೈಕೊಟ್ಟರೆ ಕೊನೆಗೆ ಉಳಿಯುವುದು ಈ ವಾಲ್ವ್ ಒಂದೇ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಗೀಸರ್‌ನ ಟ್ಯಾಂಕ್ ಒಡೆದ ಕ್ಷಣ ಅದರಲ್ಲಿ ಒಂದಷ್ಟು ಭಾಗ ಒಟ್ಟಿಗೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಅದರ ಕೆಳಗೆ ಮಾವನವರು ಸ್ಟೂಲ್ ಹಾಕಿಕೊಂಡು ಕೂರುತ್ತಾರೆ.

ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೊಸದೇ ತರ್ತೀನಿ" ಅಂದರು. ಅದೇ ಅರ್ಧ ಇಂಚಿನದು, 8 ಬಾರ್ ಅಂತ ಬರೆದಿರಬೇಕು ಅಂತ ಹಳೆಯದರ ಫೋಟೋ ಕೊಟ್ಟು ಕಳಿಸಿದೆ.

ಬದಲಾಯಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ವಿಚ್ ಜೊತೆಗೆ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿಯನ್ನೂ ಆರಿಸಿದೆವು. ನೀರು ತಣ್ಣಗಾಗಿತ್ತು. ಗೀಸರ್‌ಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿ, ಗಾಳಿ ಒಳಗೆ ಹೋಗಲಿ ಅಂತ ಬಿಸಿನೀರಿನ ನಲ್ಲಿ ತೆರೆದು, ಗೀಸರ್‌ನ ಟ್ಯಾಂಕ್ ಖಾಲಿ ಮಾಡಿದರು. ಹಳೆಯ ವಾಲ್ವ್‌ನ ರಬ್ಬರ್ ಮೇಲೆ ಸುಣ್ಣದಂಥ ಗಟ್ಟಿ ಪದರ. ನಮ್ಮದು ಬೋರ್ ನೀರು, ಉಗುರಲ್ಲಿ ಕೆರೆದರೂ ಬರಲಿಲ್ಲ. ಹೊಸದರ ಬಾಣದ ಗುರುತು ಗೀಸರ್ ಕಡೆಗೆ ಇರುವ ಹಾಗೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದರು. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮ ಬರುವ ತನಕ ಸ್ವಿಚ್ ಮುಟ್ಟಲು ಬಿಡಲಿಲ್ಲ. ವಾಲ್ವ್ ಮೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ನೆಲದ ಜಾಲರಿಯ ತನಕ ಇಳಿಸಿದ್ದಾರೆ. ಅದರ ತುದಿಯನ್ನು ತೆರೆದೇ ಬಿಟ್ಟಿದ್ದೇವೆ.

ಸಂಜೆ ಗೀಸರ್ ಕಾಯುವಾಗ ನಾಲ್ಕೈದು ಹನಿ ಬಿತ್ತು, ಆಮೇಲೆ ನಿಂತಿತು. ನೋಡಿ ಎಷ್ಟು ಸಮಾಧಾನ ಆಯಿತು!

ರಾತ್ರಿ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಮೈಸೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನದು ಬಾಡಿಗೆ ಮನೆ, ಗೀಸರ್ ಮೊದಲಿಂದಲೇ ಇತ್ತು. "ಈಗಲೇ ಹೋಗಿ ನೋಡೋ" ಅಂದೆ. ಹತ್ತು ನಿಮಿಷದಲ್ಲಿ ಫೋಟೋ ಬಂತು. ವಾಲ್ವ್ ಮೂತಿಗೆ ಯಾರೋ ಎಂ-ಸೀಲ್ ಮೆತ್ತಿ ಮುಚ್ಚಿದ್ದಾರೆ. ಎಂಸಿಬಿ ಇಳಿಸೋಕೆ ಹೇಳಿದೆ, ಇಳಿಸಿದ್ದಾನೆ. ಹೊಸ ವಾಲ್ವ್ ಹಾಕಿಸುವ ತನಕ ಅವನೂ ಮಕ್ಕಳೂ ಒಲೆ ಮೇಲೆ ನೀರು ಕಾಯಿಸಿಕೊಳ್ಳುತ್ತಾರೆ. ಓನರ್ ಹತ್ತಿರ ನಾಳೆ ಬೆಳಿಗ್ಗೆ ನಾನೇ ಮಾತಾಡುತ್ತೇನೆ.