ಮೊದಲು ಅಲ್ಹಾಂಬ್ರಾದ ಟಿಕೆಟ್, ಆಮೇಲೆ ಹೋಟೆಲ್

ದಕ್ಷಿಣ ಸ್ಪೇನ್‌ಗೆ ಹೊರಡುವವರು ಹೋಟೆಲ್ ಕಾದಿರಿಸುವ ಮೊದಲು ಗ್ರನಾಡಾದ ಗುಡ್ಡದ ಮೇಲಿನ ಕೋಟೆ-ಅರಮನೆ ಅಲ್ಹಾಂಬ್ರಾಕ್ಕೆ ಯಾವ ದಿನ ಟಿಕೆಟ್ ಇದೆ ಎಂದು ನೋಡಿಕೊಳ್ಳಿ. ಅಲ್ಲಿನ ನಸ್ರಿದ್ ಎಂಬ ಮುಸ್ಲಿಂ ರಾಜವಂಶದ ಅರಮನೆಗಳಿಗೆ ಗೊತ್ತುಪಡಿಸಿದ ಹೊತ್ತಿನಲ್ಲಷ್ಟೇ ಪ್ರವೇಶ. ಒಳ್ಳೆಯ ಋತುವಿನಲ್ಲಿ ಟಿಕೆಟ್‌ಗಳು ಬಹಳ ಮುಂಚೆಯೇ ಮುಗಿದುಹೋಗುತ್ತವೆ. ನಾನೂ ನನ್ನ ಹೆಂಡತಿಯೂ ಆ ದಿನವನ್ನು ಗಟ್ಟಿ ಮಾಡಿಕೊಂಡು ಕಾರ್ಡೊಬಾ, ಸೆವಿಲ್‌ಗಳನ್ನು ಅದರ ಹಿಂದೆ ಮುಂದೆ ಹೊಂದಿಸಿದೆವು. ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಮುಖ್ಯ ದ್ವಾರದಿಂದ ಅರಮನೆಗೆ ಸಾಕಷ್ಟು ನಡಿಗೆಯಿದೆ. ಊರ ನಡುವಿನಿಂದ ಗುಡ್ಡ ಹತ್ತುವ ಸಿ30 ಬಸ್ಸಿನಲ್ಲಿ ಹೋದರೆ ಕಾಲಿನ ಶಕ್ತಿ ಒಳಗಿನ ಸುತ್ತಾಟಕ್ಕೆ ಉಳಿಯುತ್ತದೆ. ಸಿಂಹಗಳ ಅಂಗಳದಲ್ಲಿ 12 ಅಮೃತಶಿಲೆಯ ಸಿಂಹಗಳು, ಸುತ್ತ 124 ಸಪೂರ ಕಂಬಗಳು. ಜನ ಸಿಂಹಗಳ ಫೋಟೊ ತೆಗೆಯುತ್ತಾರೆ. ನೀವು ಪಕ್ಕದ ಕೋಣೆಗಳಲ್ಲಿ ಕತ್ತೆತ್ತಿ ಚಾವಣಿ ನೋಡಿ.

ಆದರೂ ನನ್ನ ಮನಸ್ಸು ಗೆದ್ದದ್ದು ಕಾರ್ಡೊಬಾದ ಮೆಸ್ಕಿಟಾ. 8ನೆಯ ಶತಮಾನದಲ್ಲಿ ಒಂದನೆಯ ಅಬ್ದುರ್ ರಹಮಾನ್ ಕಟ್ಟಲು ತೊಡಗಿದ ಮಸೀದಿ. 16ನೆಯ ಶತಮಾನದಲ್ಲಿ ಅದರ ನಟ್ಟನಡುವೆ ಕ್ಯಾಥೆಡ್ರಲ್ ಎಬ್ಬಿಸಿದರು. ಅತ್ಯಂತ ಹಳೆಯ ಭಾಗದಲ್ಲಿ ನಿಧಾನಿಸಿ. ರೋಮನ್ನರ, ಅವರ ನಂತರ ಆಳಿದ ವಿಸಿಗಾಥರ ಕಟ್ಟಡಗಳಿಂದ ಕಿತ್ತು ತಂದ ಕಂಬಗಳವು, ಒಂದರ ಬಣ್ಣ, ಬೋದಿಗೆ ಇನ್ನೊಂದಕ್ಕಿಲ್ಲ. ಅವು ಗಿಡ್ಡವಾದ್ದರಿಂದಲೇ ಕಮಾನಿನ ಮೇಲೆ ಇನ್ನೊಂದು ಕಮಾನು ಕೂರಿಸಿ ಚಾವಣಿ ಎತ್ತರಿಸಿದ್ದಾರೆ. ಕಮಾನಿನ ಕೆಂಪು ಪಟ್ಟೆ ಇಲ್ಲಿ ನಿಜವಾದ ಇಟ್ಟಿಗೆ, ಬಿಳಿ ಪಟ್ಟೆ ಕಲ್ಲು. 10ನೆಯ ಶತಮಾನದ ಕೊನೆಗೆ ಖಲೀಫರ ಮಂತ್ರಿ ಅಲ್ಮನ್ಸೂರ್ ಸೇರಿಸಿದ ಭಾಗಕ್ಕೆ ಬಂದಾಗ ಹೆಂಡತಿ ತಟ್ಟನೆ ನಿಂತು, "ಇದು ಬರೀ ಬಣ್ಣ ಅಲ್ಲವೇನ್ರೀ?" ಎಂದಳು. ಹೌದು, ಅಲ್ಲಿ ಕಲ್ಲಿಗೇ ಕೆಂಪು ಬಳಿದಿದ್ದಾರೆ! ಉಳಿತಾಯದ ಬುದ್ಧಿ ಖಲೀಫರ ಕಾಲದಲ್ಲೂ ಇತ್ತು. ಗುಂಪುಗಳು ಬರುವ ಮುನ್ನ, ಬೆಳಿಗ್ಗೆಯೇ ಹೋದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ.

ಕಾರ್ಡೊಬಾದಿಂದ ಸೆವಿಲ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದಲ್ಲಿ ಸಾಮಾನು ತಪಾಸಣೆ ಇರುವುದರಿಂದ ಸ್ವಲ್ಪ ಮುಂಚೆ ತಲುಪಿ. ಸೆವಿಲ್‌ನ ಕ್ಯಾಥೆಡ್ರಲ್ಲಿನ ಗಂಟೆಗೋಪುರ ಹಿರಾಲ್ಡಾ ಹತ್ತಲು ಮಂಡಿ ನೋವಿನವರೂ ಹಿಂಜರಿಯಬೇಕಿಲ್ಲ. ಮೆಟ್ಟಿಲುಗಳ ಬದಲು 35 ಇಳಿಜಾರು ದಾರಿಗಳಿವೆ, ಕಡೆಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಅಲ್ಕಾಸರ್ ಅರಮನೆಗೂ ಟಿಕೆಟ್ ಮುಂಚೆಯೇ ಕೊಳ್ಳಿ. ಕ್ಯಾಥೆಡ್ರಲ್ ಬಳಿ ರೋಸ್‌ಮರಿ ಕಡ್ಡಿ ಕೊಡಲು ಬರುವ ಹೆಂಗಸರ ಮುಂದೆ ಕೈ ಚಾಚಬೇಡಿ. ಹಿಡಿದರೆ ಹಸ್ತ ನೋಡಿ ಭವಿಷ್ಯ ಹೇಳುತ್ತಾರೆ, ಆಮೇಲೆ ದುಡ್ಡಿಗೆ ಪಟ್ಟು ಹಿಡಿಯುತ್ತಾರೆ.

ಜುಲೈ, ಆಗಸ್ಟ್ ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ. ವಸಂತ ಹಿತ, ಆದರೆ ಈಸ್ಟರ್ ಹಿಂದಿನ ವಾರ ಸೆವಿಲ್‌ನಲ್ಲಿ ಕೋಣೆಯ ಬಾಡಿಗೆ ಗಗನಕ್ಕೇರುತ್ತದೆ.

ಸಸ್ಯಾಹಾರಿಗಳು "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ಸಲಾಡ್‌ನಲ್ಲಿ ಟ್ಯೂನಾ ಮೀನು, ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹಂದಿಮಾಂಸದ ಚೂರು ಬಂದೀತು. ಒಂದೊಂದನ್ನೂ ಹೆಸರಿಟ್ಟು ಬೇಡವೆನ್ನಿ. ಸೆವಿಲ್‌ನಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಪಲ್ಯ, ಕಾರ್ಡೊಬಾದಲ್ಲಿ ಕಾಕಂಬಿ ಸುರಿದ ಕರಿದ ಬದನೆಕಾಯಿ ಕೇಳಿ. ರಾತ್ರಿ ಎಂಟೂವರೆಗೆ ಮೊದಲು ಅನೇಕ ಅಡುಗೆಮನೆಗಳು ತೆರೆಯುವುದೇ ಇಲ್ಲ. ಸಂಜೆಯ ಹಸಿವಿಗೆ ಚೀಲದಲ್ಲಿ ಚಕ್ಕುಲಿ, ಕೋಡುಬಳೆ ಇರಲಿ.