ನೊರೆ ಇಳಿದ ಮೇಲಿನ ಶಾಂಪೇನ್

ಶಾಂಪೇನ್ ಟ್ರಫಲ್ ಎಂಬ ಚಾಕೊಲೇಟ್ ಉಂಡೆ ಮಾಡುವಾಗ ನಾವು ಮಾಡುವ ಮೊದಲ ಕೆಲಸವೆಂದರೆ ಶಾಂಪೇನ್‌ನ ನೊರೆಯನ್ನು ಕೊಲ್ಲುವುದು. ಬಾಟಲಿ ತೆರೆದು ಅಗಲ ಬಾಯಿಯ ಪಾತ್ರೆಗೆ ಸುರಿದು, ಗುಳ್ಳೆಗಳೆಲ್ಲ ಅಡಗುವ ತನಕ ಮಜ್ಜಿಗೆ ಕಡೆದ ಹಾಗೆ ಕಡೆಯಬೇಕು. ಆ ಗುಳ್ಳೆಗಳಿಗಾಗಿ ಬಾಟಲಿಯನ್ನು ನೆಲಮಾಳಿಗೆಯಲ್ಲಿ ಕನಿಷ್ಠ 15 ತಿಂಗಳು ಇಟ್ಟಿರುತ್ತಾರೆ. ಒಳಗಿನ ಒತ್ತಡ ಸುಮಾರು 6 ಬಾರ್, ಕಾರಿನ ಚಕ್ರದೊಳಗಿನ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟನ್ನೂ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಮೊದಲ ಸಲ ಅದನ್ನು ಕಂಡಾಗ ಒಂದು ಅಟ್ಟೆ ಶಂಕರಪುರ ಮಲ್ಲಿಗೆಯನ್ನು ಬಿಡಿಸಿ ಸಾರಿಗೆ ಹಾಕಿದಂತೆ ನನಗೆ ಹೊಟ್ಟೆ ಉರಿದಿತ್ತು.

ನಾನು ಕೆಲಸ ಮಾಡುವುದು ಫ್ರಾನ್ಸಿನ ರೀಮ್ಸ್ ನಗರದ ಒಂದು ಸಣ್ಣ ಚಾಕೊಲೇಟ್ ಕಾರ್ಯಾಗಾರದಲ್ಲಿ. ಶಾಂಪೇನ್ ಪ್ರಾಂತ್ಯದ ನಡುವೆಯೇ ಇರುವ ಊರು ಇದು. ಫ್ರಾನ್ಸಿನ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಇಗರ್ಜಿ ಇಲ್ಲಿದೆ; ಊರಿನ ಅಡಿಯಲ್ಲಿ ಸುಣ್ಣಕಲ್ಲು ಕೊರೆದು ಮಾಡಿದ ತಣ್ಣನೆಯ ನೆಲಮಾಳಿಗೆಗಳಲ್ಲಿ ಬಾಟಲಿಗಳು ಮಲಗಿವೆ. ನಾವು ಐದು ಮಂದಿ ಇದ್ದೇವೆ, ಯಜಮಾನಿಯನ್ನೂ ಸೇರಿಸಿ. ನನ್ನ ಮನೆ ಸುಳ್ಯದ ಕಡೆ. ಅಡಿಕೆ ಮರಗಳ ನಡುವೆ ಕೊಕ್ಕೊ ಗಿಡಗಳಿದ್ದವು. ಅಪ್ಪ ಹಸಿ ಬೀಜವನ್ನು ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಕೊಡುತ್ತಿದ್ದರು. ಕಾಯಿ ಒಡೆದಾಗ ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪಿ ಉಗುಳುವುದು ನಮ್ಮ ಪಾಲಿನ ಕೆಲಸ. ಪುತ್ತೂರಿನಲ್ಲಿ 1986ರಲ್ಲಿ ಶುರುವಾದ ಕ್ಯಾಂಪ್ಕೋ ಕಾರ್ಖಾನೆಯ ಚಾಕೊಲೇಟನ್ನು ತಿನ್ನುತ್ತ ಬೆಳೆದ ನನಗೆ ಚಾಕೊಲೇಟ್ ಎಂದರೆ ಗೊತ್ತು ಎಂಬ ಧಿಮಾಕು ಸ್ವಲ್ಪ ಇತ್ತು. ಈ ಕಥೆಗೆ ಆ ಧಿಮಾಕೇ ಮೂಲ.

ಕ್ರಿಸ್‌ಮಸ್ಸಿಗೆ ಎರಡು ವಾರ ಇತ್ತು. ಟ್ರಫಲ್ ಈ ದೇಶದಲ್ಲಿ ಹಬ್ಬದ ತಿಂಡಿ. 1895ರ ಕ್ರಿಸ್‌ಮಸ್ ಹೊತ್ತಿಗೆ ಶಾಂಬೇರಿ ಊರಿನ ಲೂಯಿ ದುಫೂರ್ ಎಂಬಾತ ಸಾಮಗ್ರಿ ಸಾಲದೆ ಇದ್ದುದರಲ್ಲೇ ಉಂಡೆ ಕಟ್ಟಿ ಮಾರಿದ್ದರಿಂದ ಇದು ಹುಟ್ಟಿತು ಎಂಬ ಕಥೆ ಪ್ರಚಲಿತ. ಹೆಸರು ಬಂದದ್ದು ಮಣ್ಣಿನಡಿ ಸಿಗುವ ಅಣಬೆಯಿಂದ. ನಮ್ಮ ಕಡೆ ಮೊದಲ ಮಳೆ ಬಿದ್ದಾಗ ಗುಡ್ಡದಲ್ಲಿ ಕೆದಕಿ ತೆಗೆಯುವ ಕಲ್ಲಣಬೆಯನ್ನು ನೋಡಿದವರಿಗೆ ಆ ಆಕಾರವನ್ನು ವಿವರಿಸಬೇಕಾಗಿಲ್ಲ.

ಯಜಮಾನಿ ಹೊರಗೆ ಹೋಗುವಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಆರು ಕಿಲೋ ಗನಾಶ್, ಅಂದರೆ ಟ್ರಫಲ್‌ನ ಒಳಗಿನ ಹೂರಣ. ಚಾಕೊಲೇಟ್, ಕ್ರೀಮ್, ಬೆಣ್ಣೆ, ಗ್ಲೂಕೋಸ್ ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಯ ಎರಡು ಸಾಲುಗಳು ಮಾತ್ರ ನನ್ನ ಕಣ್ಣು ಕುಕ್ಕಿದವು: ಶಾಂಪೇನ್ ಅರ್ಧ ಬಾಟಲಿ, ಮಾರ್ 240 ಮಿಲಿ. ಆರು ಕಿಲೋಗೆ ಬರೀ ಅರ್ಧ ಬಾಟಲಿ! ಮಾರ್ ಎಂದರೆ ದ್ರಾಕ್ಷಿಯ ರಸ ಹಿಂಡಿದ ಮೇಲೆ ಉಳಿಯುವ ಚರಟದಿಂದ ಭಟ್ಟಿ ಇಳಿಸಿದ ಮದ್ಯ, 40 ಪ್ರತಿಶತದಷ್ಟು ಖಾರ. ಹೊರಗೆ ಗಾಜಿನ ಕಪಾಟಿನಲ್ಲಿ ‘ಶಾಂಪೇನ್ ಟ್ರಫಲ್’ ಎಂದು ಬರೆದು ಒಳಗೆ ಹಿಂಡಿ ಬಿಸಾಡಬೇಕಾದ ಚರಟದ ಸಾರಾಯಿಯೇ? ಹಾಲಿಗೆ ನೀರು ಬೆರೆಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನನ್ನೊಳಗಿನ ಸತ್ಯಹರಿಶ್ಚಂದ್ರ ಎದ್ದು ನಿಂತ.

ಚೀಟಿಯಲ್ಲಿದ್ದಂತೆ ಅರ್ಧ ಬಾಟಲಿ ಹಾಕಿದೆ. ರುಚಿ ನೋಡಿದರೆ ಚಾಕೊಲೇಟ್ ಬಿಟ್ಟು ಮತ್ತೇನೂ ಇಲ್ಲ. ಮಾರ್‌ನ ಬಾಟಲಿಯನ್ನು ಪಕ್ಕಕ್ಕೆ ತಳ್ಳಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಇನ್ನೊಂದು ಶಾಂಪೇನ್ ಬಾಟಲಿಯನ್ನು ಹಾಗೆಯೇ, ಗುಳ್ಳೆ ತೆಗೆಯದೆ, ಪೂರ್ತಿ ಸುರಿದೆ.

ಅದು ಮೊದಲು ಹಾಲು ಉಕ್ಕಿದ ಹಾಗೆ ಉಕ್ಕಿತು. ನೊರೆ ಇಳಿದ ಮೇಲೆ ನೋಡಿದರೆ ಕನ್ನಡಿಯಂತಿದ್ದ ಗನಾಶ್‌ನ ಮೈಯಲ್ಲಿ ಸಣ್ಣ ಸಣ್ಣ ಕಾಳುಗಳು. ಸೌಟಿನಿಂದ ತಿರುವಿದೆ. ಅಂಚಿನಲ್ಲಿ ಹಳದಿ ಎಣ್ಣೆ ಒಸರಿತು. ಇನ್ನೂ ಜೋರಾಗಿ ತಿರುವಿದೆ. ಎಣ್ಣೆ ಮೇಲೆ, ಕಂದು ಗಸಿ ಕೆಳಗೆ. ಇಲ್ಲಿನವರು ಗನಾಶ್ ‘ಕತ್ತರಿಸಿತು’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹಾಲು ಒಡೆಯಿತು ಎನ್ನುತ್ತೇವಲ್ಲ, ಅದೇ ಸರಿಯಾದ ಪದ. ಗನಾಶ್ ಎಂದರೆ ಕ್ರೀಮ್‌ನ ನೀರಿನಲ್ಲಿ ಕೊಕ್ಕೊ ಬೆಣ್ಣೆ ಮತ್ತು ಹಾಲಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುವ ಒಂದು ರಾಜಿ. ಕೊಕ್ಕೊ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕಿಂತ ಬಹಳ ತಣ್ಣಗಿರುವುದು ಒಮ್ಮೆಲೇ ಬಿದ್ದರೆ ಜಿಡ್ಡು ಅಲ್ಲಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಕಡೆಯುವುದೆಂದರೆ ಮೊಸರು ಕಡೆದು ಬೆಣ್ಣೆ ತೆಗೆದಂತೆಯೇ. ಮದ್ಯಸಾರವೂ ಶಾಂಪೇನ್‌ನ ಹುಳಿಯೂ ಆ ರಾಜಿಗೆ ಅನುಕೂಲ ಮಾಡುವ ವಸ್ತುಗಳಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಒಡೆದ ಗನಾಶನ್ನು 40 ಡಿಗ್ರಿಗೆ ಬಿಸಿ ಮಾಡಿ, ಬೆಚ್ಚಗಿನ ಹಾಲನ್ನು ಚಮಚ ಚಮಚವಾಗಿ ಹಾಕಿ ನಡುವಿನಿಂದ ತಿರುವುತ್ತ ಬಂದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ದ್ರವ ಹಾಕಿದರೆ ಕೂಡುತ್ತದೆ ಎಂಬುದನ್ನು ನಾನೂ ಓದಿದ್ದೆ. ಹಾಲೇ ಯಾಕೆ, ಶಾಂಪೇನ್ ಹಾಕಿದರೆ ರುಚಿಯೂ ಬಂದೀತು ಎಂದು ಮೂರನೇ ಬಾಟಲಿ ತೆರೆದು ಬೆಚ್ಚಗೆ ಮಾಡಿ ಸುರಿದೆ. ಕೂಡಿಕೊಂಡಿತು! ನುಣ್ಣಗೆ, ಹೊಳೆಯುತ್ತ, ಏನೂ ಆಗಿಲ್ಲ ಎಂಬಂತೆ. ತಟ್ಟೆಗಳಿಗೆ ಸುರಿದು, ಮುಚ್ಚಿ, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ನೋಡಿದರೆ ಪಾಯಸ. ತಟ್ಟೆ ಓರೆ ಮಾಡಿದರೆ ಹರಿಯುತ್ತಿತ್ತು. ಉಂಡೆ ಕಟ್ಟುವುದಿರಲಿ, ಚಮಚದಲ್ಲಿ ನಿಲ್ಲುತ್ತಿರಲಿಲ್ಲ. ಇಷ್ಟೆಲ್ಲ ಆಗಿ ಬಾಯಿಗೆ ಹಾಕಿದರೆ ಶಾಂಪೇನ್‌ನ ರುಚಿ ಇತ್ತೇ? ಸ್ವಲ್ಪ ಹುಳಿ, ಅಷ್ಟೇ.

ಯಜಮಾನಿ ಕೂಗಾಡಲಿಲ್ಲ. “ಎಷ್ಟು ಬಾಟಲಿ?” ಎಂದು ಕೇಳಿದರು. ಹೇಳಿದೆ. ಸಂಬಳದಿಂದ ಹಿಡಿಯಲೂ ಇಲ್ಲ. ಆದರೆ ಆ ಪಾಯಸ ಮುಗಿಯುವ ತನಕ ದಿನಾ ಬೆಳಗ್ಗೆ ಐದೂ ಮಂದಿಗೆ ಕಾಫಿಯ ಬದಲು ಅದನ್ನೇ ಬಿಸಿ ಹಾಲಿಗೆ ಬೆರೆಸಿ ಕೊಡುವ ಕೆಲಸವನ್ನು ನನಗೆ ಹಚ್ಚಿದರು. ಮೂರನೇ ದಿನಕ್ಕೆ ಸಹೋದ್ಯೋಗಿಗಳು ನನ್ನ ಮುಖ ನೋಡುವ ರೀತಿ ಬದಲಾಗಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಶಾಂಪೇನ್‌ನಲ್ಲಿ ಮದ್ಯಸಾರ 12 ಪ್ರತಿಶತದಷ್ಟು. ಉಳಿದದ್ದು ಬಹುಪಾಲು ನೀರು. ನಮ್ಮ ಮೂಗಿಗೆ ಅದು ಅಷ್ಟು ದೊಡ್ಡದಾಗಿ ಕೇಳಿಸುವುದು ಗುಳ್ಳೆಗಳಿಂದ: ಅವು ಒಡೆದಾಗ ಪರಿಮಳವನ್ನು ಮೇಲಕ್ಕೆ ಚಿಮ್ಮಿಸುತ್ತವೆ, ನಾಲಗೆಯನ್ನು ಚುಚ್ಚುತ್ತವೆ. ಗುಳ್ಳೆ ಹೋದ ಶಾಂಪೇನ್ ಒಂದು ಸಪ್ಪೆ, ಹುಳಿ, ತೆಳು ಬಿಳಿ ವೈನ್. ಎದುರಿಗಿರುವುದೋ ನೂರಾರು ಪರಿಮಳಗಳನ್ನು ಹೊತ್ತ ಚಾಕೊಲೇಟ್, ಜೊತೆಗೆ ವಾಸನೆಯನ್ನು ಹಿಡಿದಿಟ್ಟುಕೊಳ್ಳುವ ಜಿಡ್ಡು. ಚಂಡೆಯ ಪಕ್ಕ ಕುಳಿತು ಕೊಳಲು ಊದಿದ ಹಾಗೆ. ಕೊಳಲು ಕೇಳಿಸಲಿಲ್ಲವೆಂದು ಇನ್ನೂ ನಾಲ್ಕು ಕೊಳಲು ತಂದಿಟ್ಟವಳು ನಾನು. ನೀರು ಹೆಚ್ಚಿದರೆ ಇನ್ನೊಂದು ತೊಂದರೆ: ಟ್ರಫಲ್ ಬೇಗ ಕೆಡುತ್ತದೆ. ಗನಾಶ್‌ಗೆ ಗ್ಲೂಕೋಸ್ ಹಾಕುವುದು ಸಿಹಿಗಾಗಿ ಮಾತ್ರವಲ್ಲ, ಬೂಷ್ಟಿಗೆ ನೀರು ಸಿಗದಂತೆ ಕಟ್ಟಿಹಾಕುವುದಕ್ಕೂ ಹೌದು. ಗುಳ್ಳೆಯನ್ನು ಮೊದಲೇ ಕೊಲ್ಲುವುದಕ್ಕೆ ಕಾರಣ ಬೇರೆ. ಒಳಗೆ ಸಿಕ್ಕಿಕೊಂಡ ಗುಳ್ಳೆಯಿಂದ ಗನಾಶ್ ತೂತು ತೂತಾಗುತ್ತದೆ.

ಇನ್ನು ಮಾರ್‌ನ ವಿಷಯ. ನಾನು ಕಲಬೆರಕೆ ಎಂದುಕೊಂಡದ್ದು ವಾಸ್ತವದಲ್ಲಿ ಇದೇ ಮಣ್ಣಿನ, ಇದೇ ದ್ರಾಕ್ಷಿಯ ಸತ್ತ್ವ. ಷಾರ್ಡನೆ, ಪಿನೋ ನ್ವಾರ್, ಮನ್ಯೇ ದ್ರಾಕ್ಷಿಗಳ ಸಿಪ್ಪೆಯ ಪರಿಮಳ ಕಡಿಮೆ ನೀರಿನಲ್ಲಿ, ಹೆಚ್ಚು ಮದ್ಯಸಾರದಲ್ಲಿ ಇರುವುದರಿಂದ ಚಾಕೊಲೇಟ್‌ನ ಗದ್ದಲದಲ್ಲೂ ಅದರ ದನಿ ಕೇಳಿಸುತ್ತದೆ. ಮೋಸವೂ ಇಲ್ಲ. ಇಲ್ಲಿನ ಕಾನೂನಿನಂತೆ ಹೆಸರಿನಲ್ಲಿರುವ ವಸ್ತು ಎಷ್ಟು ಪ್ರತಿಶತ ಇದೆ ಎಂಬುದನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಈ ಹೆಸರಿನ ಜಗಳ ಯುರೋಪಿನ ಅತ್ಯುನ್ನತ ನ್ಯಾಯಾಲಯದ ತನಕ ಹೋಗಿದೆ. ಜರ್ಮನಿಯ ಅಂಗಡಿ ಸರಣಿಯೊಂದು ‘ಶಾಂಪೇನ್ ಸೋರ್ಬೆ’ ಎಂಬ ಹಿಮತಿನಿಸನ್ನು ಮಾರುತ್ತಿತ್ತು. ಅದರಲ್ಲಿ ಶಾಂಪೇನ್ 12 ಪ್ರತಿಶತ. ಶಾಂಪೇನ್ ಬೆಳೆಗಾರರ ಮತ್ತು ತಯಾರಕರ ಸಂಘ ತಕರಾರು ತೆಗೆಯಿತು. 2017ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿದ್ದರ ತಾತ್ಪರ್ಯ ಇಷ್ಟು: ಎಷ್ಟು ಹಾಕಿದ್ದೀರಿ ಎಂಬುದೊಂದೇ ಸಾಲದು, ಆ ತಿನಿಸಿನ ಮುಖ್ಯ ಗುಣವಾಗಿ ಶಾಂಪೇನ್‌ನಿಂದ ಬಂದ ರುಚಿ ಇದೆಯೇ ಎಂದು ನೋಡಬೇಕು. ನ್ಯಾಯಾಧೀಶರಿಗೆ ಹೊಳೆದದ್ದು ನನಗೆ ಹೊಳೆಯಲು ಎರಡು ಬಾಟಲಿ ಹಾಳಾಗಬೇಕಾಯಿತು.

ಹಾಗಾದರೆ ಶಾಂಪೇನ್‌ನ ರುಚಿ ಎಂದರೆ ಏನು? ಹೊಸ ವರ್ಷ ಕಳೆದು ಕೆಲಸ ತಗ್ಗಿದ ಮೇಲೆ ಯಜಮಾನಿ ಒಂದು ಗ್ಲಾಸು ನನ್ನ ಮುಂದಿಟ್ಟು, ಕುಡಿಯುವುದಕ್ಕೆ ಮೊದಲು ಮೂಸಿ ನೋಡಲು ಹೇಳಿದರು. ಮೊದಲು ಹಸಿರು ಸೇಬಿನಂಥ ಹುಳಿ ವಾಸನೆ. ಅದರ ಹಿಂದೆ ಇನ್ನೇನೋ ಒಂದು, ಬೆಚ್ಚಗಿನದು, ತಿಂಡಿಯ ವಾಸನೆ. ಇಲ್ಲಿನವರು ಬ್ರಿಯೋಶ್ ಎನ್ನುತ್ತಾರೆ, ಬೆಣ್ಣೆ ಹಾಕಿದ ಬ್ರೆಡ್ಡು. ಬಾಟಲಿಯೊಳಗೆ ಎರಡನೇ ಸಲ ಹುದುಗು ಬಂದ ಮೇಲೆ ಸತ್ತ ಯೀಸ್ಟ್ ತಿಂಗಳುಗಟ್ಟಲೆ ಅಲ್ಲೇ ಕರಗುತ್ತ ಕೊಡುವ ವಾಸನೆ ಅದು. ನನಗೆ ಬ್ರಿಯೋಶ್ ನೆನಪಾಗಲಿಲ್ಲ. ಬೆಣ್ಣೆ ಕಾಸುವಾಗ ಚಟಪಟ ನಿಂತು, ನೊರೆ ಇಳಿದು, ತಳದ ಗಸಿ ಕಂದು ತಿರುಗುವ ಆ ಒಂದು ನಿಮಿಷ ನೆನಪಾಯಿತು. ಆ ಗಸಿಗೆ ಬೆಲ್ಲ ಹಾಕಿ ತಿನ್ನಲು ನಾವು ಜಗಳವಾಡುತ್ತಿದ್ದೆವು.

“ಬೆಣ್ಣೆಯನ್ನು ಹಸಿಯಾಗಿ ಹಾಕುವ ಬದಲು ಕಾಸಿ ಹಾಕೋಣವೇ?” ಎಂದು ಕೇಳಿದೆ. ಅವರು ತಲೆಯೆತ್ತಿ ನೋಡಿದರು. ಕಂದು ಬೆಣ್ಣೆ ಫ್ರೆಂಚರಿಗೆ ಹೊಸದೇನಲ್ಲ; ಈ ಟ್ರಫಲ್‌ಗೆ ಅದನ್ನು ಹಾಕುವ ಯೋಚನೆ ಮಾತ್ರ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಮೂರು ವಾರ ಅರ್ಧರ್ಧ ಕಿಲೋ ಮಾಡಿ ಮಾಡಿ ನೋಡಿದೆವು. ಹುಳಿಗಾಗಿ ಶಾಂಪೇನನ್ನು ಕುದಿಸಿ ಆರನೇ ಒಂದು ಭಾಗಕ್ಕೆ ಇಳಿಸಿದೆವು. ಪರಿಮಳ ಆವಿಯಾದರೂ ಹುಳಿ ಗಟ್ಟಿಯಾಗಿ ಉಳಿಯುತ್ತದೆ. ಮೂಗಿಗಾಗಿ ಮಾರ್. ಬ್ರೆಡ್ಡಿನ ವಾಸನೆಗೆ ಕಾಸಿದ ಬೆಣ್ಣೆ. ಕೊನೆಗೆ, ಒಲೆ ಕಾಣದ ತಾಜಾ ಶಾಂಪೇನ್ ಒಂದಿಷ್ಟು.

ಮನೆಯಲ್ಲಿ ಮಾಡುವವರಿಗೆ ಅರ್ಧ ಕಿಲೋದ ಲೆಕ್ಕ ಕೊಡುತ್ತೇನೆ. ಶಾಂಪೇನೇ ಬೇಕೆಂದಿಲ್ಲ, ನಾಸಿಕದಲ್ಲೂ ನಮ್ಮ ನಂದಿ ಬೆಟ್ಟದ ಕಡೆಯಲ್ಲೂ ತಯಾರಾಗುವ, ಸಿಹಿ ಕಡಿಮೆ ಇರುವ ನೊರೆ ವೈನ್ ಸಾಕು. ಮಾರ್ ಬದಲು ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಬ್ರಾಂಡಿ. 150 ಮಿಲಿ ವೈನನ್ನು ಸಣ್ಣ ಉರಿಯಲ್ಲಿ 25 ಮಿಲಿಗೆ ಇಳಿಸಿ. 50 ಗ್ರಾಂ ಬೆಣ್ಣೆಯನ್ನು ಗಸಿ ಕಂದಾಗುವ ತನಕ ಕಾಸಿ, ಗಸಿಯನ್ನೂ ಸೇರಿಸಿ ಇಟ್ಟುಕೊಳ್ಳಿ. 60 ಪ್ರತಿಶತ ಕೊಕ್ಕೊ ಇರುವ ಕಪ್ಪು ಚಾಕೊಲೇಟ್ 200 ಗ್ರಾಂ, ಹಾಲಿನ ಚಾಕೊಲೇಟ್ 100 ಗ್ರಾಂ, ಎರಡನ್ನೂ ಅರೆಬರೆ ಕರಗಿಸಿ. 80 ಗ್ರಾಂ ಕ್ರೀಮ್‌ಗೆ 20 ಗ್ರಾಂ ಗ್ಲೂಕೋಸ್ ಅಥವಾ ಜೇನು ಸೇರಿಸಿ ಕುದಿ ಬರುವಾಗ ಇಳಿಸಿ, ಮೂರು ಕಂತಿನಲ್ಲಿ ಚಾಕೊಲೇಟ್ ಮೇಲೆ ಸುರಿಯುತ್ತ ನಡುವಿನಿಂದ ಹೊರಕ್ಕೆ ತಿರುವಿ. ಮೊದಲ ಕಂತಿಗೆ ಅದು ಒಡೆದಂತೆ ಕಂಡರೆ ಹೆದರಬೇಡಿ. ಮೂರನೆಯದಕ್ಕೆ ಹೊಳಪು ಬರುತ್ತದೆ. ಪೊಟ್ಟಣದಲ್ಲಿ ಸಿಗುವ 25 ಪ್ರತಿಶತ ಜಿಡ್ಡಿನ ಕ್ರೀಮ್‌ಗಿಂತ 35ರದ್ದು ಒಳ್ಳೆಯದು. ಉಷ್ಣತೆ 38 ಡಿಗ್ರಿಗೆ ಇಳಿದ ಮೇಲೆ, ಬೆರಳಿಟ್ಟರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನುವಾಗ, ಬೆಣ್ಣೆ. ಆಮೇಲೆ ಇಳಿಸಿದ ವೈನ್, 20 ಮಿಲಿ ಬ್ರಾಂಡಿ, ಕಡೆಯದಾಗಿ ಗುಳ್ಳೆ ತೆಗೆದ ತಾಜಾ ವೈನ್ 15 ಮಿಲಿ. ಯಾವುದೂ ಫ್ರಿಜ್ಜಿನಿಂದ ನೇರ ಬರಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ.

ರಾತ್ರಿಯಿಡೀ ತಂಪಿನಲ್ಲಿಟ್ಟು ಉಂಡೆ ಕಟ್ಟಿ. ಅಂಗೈ ಬಿಸಿಯವರು ಆಗಾಗ ತಣ್ಣೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳಬೇಕು. ಎಳ್ಳುಂಡೆ ಕಟ್ಟುವಾಗಿನ ಒತ್ತಡ ಇಲ್ಲಿ ಬೇಡ. ಹೊರ ಕವಚಕ್ಕೆ ಕಪ್ಪು ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ, 28ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ಕೊಕ್ಕೊ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟುತ್ತದೆ. ಹೊಳಪೂ ಮುರಿದರೆ ಟಕ್ ಎನ್ನುವ ಗುಣವೂ ಬೇಕಾದರೆ ಐದನೆಯದೇ ಆಗಬೇಕು, ಅದಕ್ಕೇ ಈ ಏರಿಳಿತ. ಬೇಸರವಾದರೆ ಕೊಕ್ಕೊ ಪುಡಿಯಲ್ಲಿ ಹೊರಳಿಸಿ ಮುಗಿಸಿ, ತಪ್ಪೇನಿಲ್ಲ. ನಾವು ಇಲ್ಲಿ ರೀಮ್ಸ್‌ನ ಗುಲಾಬಿ ಬಣ್ಣದ ಬಿಸ್ಕತ್ತನ್ನು ಪುಡಿ ಮಾಡಿ ಹಚ್ಚುತ್ತೇವೆ. ನೊರೆಯ ಭ್ರಮೆ ಹುಟ್ಟಿಸಲು ಬಾಯಲ್ಲಿ ಸಿಡಿಯುವ ಸಕ್ಕರೆ ಹರಳುಗಳನ್ನು ಬೆರೆಸುವವರೂ ಇದ್ದಾರೆ. ನನಗೆ ಅದು ಜಾತ್ರೆಯ ಪೀಪಿಯಂತೆ ಕಾಣುತ್ತದೆ. ಮಕ್ಕಳಿಗೆ ಖುಷಿ, ಆದರೆ ಮಕ್ಕಳಿಗೆ ಕೊಡುವ ತಿನಿಸಲ್ಲವಲ್ಲ ಇದು.

ಮರುವರ್ಷದ ಡಿಸೆಂಬರಿನಲ್ಲಿ ಕಪಾಟಿಗೆ ಬಂದದ್ದು ಈ ಹೊಸ ಟ್ರಫಲ್. ಚೀಟಿಯಲ್ಲಿ ಮಾರ್ 240 ಮಿಲಿ ಹಾಗೆಯೇ ಇದೆ.

ಜನವರಿಯಲ್ಲಿ ಊರಿಗೆ ಹೋಗುವಾಗ ಒಂದು ಡಬ್ಬಿ ಒಯ್ದೆ. ಮಂಗಳೂರಿನಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಳಗೆ ಏನಿದೆ ಎಂದು ಮೊದಲೇ ಹೇಳಿದ್ದರಿಂದ ಅಮ್ಮ ಬಾಯಿಗೆ ಹಾಕುವ ಪ್ರಶ್ನೆಯೇ ಇರಲಿಲ್ಲ. ಮುಚ್ಚಳ ತೆರೆದು, ದೂರದಿಂದಲೇ ಒಮ್ಮೆ ಮೂಸಿ, ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

“ತುಪ್ಪ ಸ್ವಲ್ಪ ಹೆಚ್ಚೇ ಕಾಸಿದ್ದೀಯ.”