ಸಣ್ಣ ಕೈಗೆ ಒಗ್ಗುವ ಎಲೆಕ್ಟ್ರಿಕ್ ಗಿಟಾರ್

ನನ್ನ ಕೈ ಚಿಕ್ಕದು; ಎಷ್ಟು ಹಿಗ್ಗಿಸಿ ಗೇಣು ಹಾಕಿದರೂ ಏಳು ಇಂಚು ದಾಟುವುದಿಲ್ಲ. ಹಾಸನದಲ್ಲಿ ಕಣ್ಣಿಗೆ ಬಿದ್ದ ಮೊದಲ ಎಲೆಕ್ಟ್ರಿಕ್ ಗಿಟಾರನ್ನು ಬಣ್ಣಕ್ಕೆ ಮರುಳಾಗಿ ಕೊಂಡು, ಎಫ್ ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯಲಾಗದೆ ವರ್ಷವಿಡೀ ನನ್ನ ಬೆರಳುಗಳನ್ನೇ ಶಪಿಸಿದೆ. ಅಳತೆಪಟ್ಟಿ ಹಿಡಿದು ನೋಡುವ ಬುದ್ಧಿ ಬಂದದ್ದು ಆಮೇಲೆ.

ಮುಖ್ಯವಾದುದು ಸ್ಕೇಲ್ ಉದ್ದ, ಅಂದರೆ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ ಕೆಳಗೆ ಗಿಟಾರಿನ ಒಡಲ ಮೇಲೆ ತಂತಿಗೆ ಆಸರೆಯಾದ ಬ್ರಿಜ್‌ವರೆಗೆ ತಂತಿ ಕಂಪಿಸುವ ಉದ್ದ. ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಇದು 25.5 ಇಂಚು, ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 24.75, ಕಲಿಯುವವರಿಗೆಂದೇ 1964ರಲ್ಲಿ ಬಂದ ಫೆಂಡರ್ ಮಸ್ಟಾಂಗ್‌ನಲ್ಲಿ ಸಾಮಾನ್ಯವಾಗಿ 24. ಸ್ಟ್ರಾಟೋಕಾಸ್ಟರ್‌ಗೂ ಮಸ್ಟಾಂಗ್‌ಗೂ ಇರುವ ಒಂದೂವರೆ ಇಂಚಿನ ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಮೊದಲ ನಾಲ್ಕು ಫ್ರೆಟ್‌ಗಳ (ತಂತಿಯ ಕೆಳಗಿನ ಅಡ್ಡ ಲೋಹದ ಪಟ್ಟಿಗಳ) ಹರವಿನಲ್ಲಿಯೇ ಸುಮಾರು 8 ಮಿಲಿಮೀಟರ್ ಉಳಿಯುತ್ತದೆ, ಕಿರುಬೆರಳು ತಲುಪುವುದೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಮೇಲಾಗಿ, ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಕಿರಿದಾದ ಸ್ಕೇಲಿನಲ್ಲಿ ಬಿಗಿತ ಕಡಿಮೆಯಾಗುವುದರಿಂದ ಒತ್ತುವುದೂ ಹಗುರ.

ಎಡಗೈ ಹಿಡಿಯುವ ಉದ್ದನೆಯ ಭಾಗವಾದ ನೆಕ್ ತೆಳ್ಳಗಿದ್ದರೆ ಹೆಬ್ಬೆರಳಿಗೆ ಹಾಯೆನಿಸುತ್ತದೆ. ನಟ್ಟಿನ ಅಗಲದ ವಿಷಯದಲ್ಲಿ ಮಾತ್ರ ಅತಿಯಾಸೆ ಬೇಡ: 42 ಮಿಲಿಮೀಟರ್ ನನಗೆ ಸಾಕು, ಇನ್ನೂ ಕಿರಿದಾದರೆ ಒಂದು ಬೆರಳು ಪಕ್ಕದ ತಂತಿಗೆ ತಾಗಿ ಸ್ವರ ಸತ್ತುಹೋಗುತ್ತದೆ.

ಈಗ ನನ್ನ ಬಳಿ ಇರುವುದು 24 ಇಂಚಿನದು, 9ರಿಂದ 42ರ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ದಪ್ಪ) ತೆಳು ತಂತಿ ಕಟ್ಟಿದ್ದೇನೆ. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಅರ್ಧ ಗಂಟೆ ಕುಳಿತು ಎಫ್ ಕಾರ್ಡನ್ನೇ ಹಿಡಿದು ನೋಡಿದೆ; ಅಂಗಡಿಯವರ ಮುಖ ಸಪ್ಪಗಾಯಿತು, ಮಣಿಕಟ್ಟು ಮಾತ್ರ ನೋಯಲಿಲ್ಲ.